ಸೂಜಿಯ ಬೆಲೆ ಮೊದಲೇ ಹೇಳಿ

14,550 ರೂಪಾಯಿ. ನನ್ನ ಎಡ ಸ್ತನದಲ್ಲಿದ್ದ ಗಂಟು ಎಂಥದ್ದು ಎಂದು ತಿಳಿಯಲು ಆದ ಖರ್ಚು ಇದು. ಸರ್ಜನ್ ನೋಡಿದ್ದಕ್ಕೆ 600, ಎರಡೂ ಕಡೆಯ ಮ್ಯಾಮೊಗ್ರಾಮ್‌ಗೆ 2,200, ಸ್ಕ್ಯಾನಿಂಗ್‌ಗೆ 1,400, ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಪರೀಕ್ಷೆಗೆ 850, ಬಯಾಪ್ಸಿಗೆ 5,500, ಬಯಾಪ್ಸಿಯ ಸೂಜಿಗೆ 1,600, ತೆಗೆದ ತುಣುಕನ್ನು ಲ್ಯಾಬಿನಲ್ಲಿ ನೋಡಿದ್ದಕ್ಕೆ 2,000, ರಿಪೋರ್ಟು ತೋರಿಸಲು ಮತ್ತೆ ಹೋದಾಗ 400. ಆಟೊ, ಬಸ್ಸಿನ ಲೆಕ್ಕ ಬೇರೆ.

ನಾನು ಲೆಕ್ಕ ಬರೆಯುವವಳು. ಚೆನ್ನೈನ ಉತ್ತರದ ತುದಿಯ ಮಾಧವರಂನಲ್ಲಿ ನಮ್ಮದೊಂದು ಸಣ್ಣ ಹೋಟೆಲಿದೆ. ಮಾವನವರು ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಯಾರದೋ ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ಸ್ವಂತದ್ದೊಂದು ಮಾಡಿಕೊಂಡರು. ಇಪ್ಪತ್ನಾಲ್ಕು ವರ್ಷದಿಂದ ಅದರ ಗಲ್ಲಾದ ಮೇಲೆ ಕೂರುವವಳು ನಾನು. ಉದ್ದಿನಬೇಳೆ ಕಿಲೋಗೆ ಎರಡು ರೂಪಾಯಿ ಏರಿದರೆ ಅವತ್ತೇ ನನಗೆ ಗೊತ್ತಾಗುತ್ತದೆ. ಹಾಲು, ಗ್ಯಾಸು, ಬಾಳೆಲೆ ಎಲ್ಲದರ ದರ ಬಾಯಲ್ಲೇ ಇರುತ್ತದೆ. ಅಂಥ ನನಗೆ ಒಂದು ಬಯಾಪ್ಸಿಗೆ ಎಷ್ಟಾಗುತ್ತದೆ ಎಂದು ಮೂರು ತಿಂಗಳು ಕಳೆದರೂ ಗೊತ್ತಾಗಲಿಲ್ಲ. ಈ ಲೇಖನ ಬರೆಯುತ್ತಿರುವುದೇ ಆ ಮೂರು ತಿಂಗಳ ಕಾರಣಕ್ಕೆ.

ಗಂಟು ಕೈಗೆ ಸಿಕ್ಕಿದ್ದು ಪೊಂಗಲ್ ಮುಗಿದ ವಾರ. ಸ್ನಾನ ಮಾಡುವಾಗ, ಎಡಗಡೆ ಮೇಲ್ಭಾಗದಲ್ಲಿ, ಕಂಕುಳದ ಕಡೆಗೆ, ಹುಣಸೆ ಬೀಜದಷ್ಟು ಗಟ್ಟಿ. ನೋವಿಲ್ಲ. ಆಗ ನನಗೆ ನಲವತ್ತೇಳು. ಸೌರಮಾನ ಯುಗಾದಿ ಮುಗಿಯುವವರೆಗೆ ಯಾರಿಗೂ ಹೇಳಲಿಲ್ಲ. ಹೆದರಿದ್ದೆಯಾ ಎಂದು ಕೇಳಿದರೆ, ಹೌದು. ಕಾಯಿಲೆಗೆ ಹೆದರಿದ್ದಷ್ಟೇ ಬಿಲ್ಲಿಗೂ ಹೆದರಿದ್ದೆ. ಮಗಳ ಮೂರನೇ ವರ್ಷದ ಫೀಸು ಕಟ್ಟುವುದಿತ್ತು, ಹೋಟೆಲಿನ ಗ್ರೈಂಡರ್ ಕೈಕೊಟ್ಟಿತ್ತು. ಇಂತಿಷ್ಟು ಎಂದು ಗೊತ್ತಿದ್ದರೆ ಹೇಗಾದರೂ ಹೊಂದಿಸಬಹುದು. ಹತ್ತು ಸಾವಿರವೋ ಒಂದು ಲಕ್ಷವೋ ಎಂದೇ ತಿಳಿಯದಿದ್ದರೆ ಹೊಂದಿಸುವುದಾದರೂ ಏನನ್ನು?

ನನ್ನ ಗಂಡ ಹೋಟೆಲಿನಲ್ಲಿ ಇಲ್ಲದ ಹೊತ್ತು ನೋಡಿ ಮೂರು ಕಡೆ ಫೋನು ಮಾಡಿ ಕೇಳಿದೆ. ಎರಡು ಕಡೆ ಒಂದೇ ಉತ್ತರ: ಬನ್ನಿ ಮೇಡಂ, ಡಾಕ್ಟರ್ ನೋಡಿ ಹೇಳ್ತಾರೆ. ಮೂರನೆಯವರು ಎಂಟು ಸಾವಿರದಿಂದ ನಲವತ್ತು ಸಾವಿರದವರೆಗೆ ಆಗಬಹುದು ಎಂದರು. ಎಂಟಕ್ಕೂ ನಲವತ್ತಕ್ಕೂ ನಡುವೆ ಏನಿದೆ ಎಂದು ಕೇಳುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ. ಫೋನು ಇಟ್ಟೆ. ಇನ್ನೂ ಒಂದು ತಿಂಗಳು ಹೋಯಿತು.

ಈಗ ತಿಳಿದಿದೆ, ಅದನ್ನು ಹೇಳುತ್ತೇನೆ. ಬಯಾಪ್ಸಿ ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕು ಬಗೆಯ ಕೆಲಸಗಳಿವೆ. ಸಣ್ಣ ಸೂಜಿ ಚುಚ್ಚಿ ಕೆಲವು ಜೀವಕೋಶಗಳನ್ನಷ್ಟೇ ಎಳೆಯುವುದು ಎಫ್‌ಎನ್‌ಎಸಿ. ಸ್ವಲ್ಪ ದಪ್ಪ ಸೂಜಿಯಿಂದ ಎಳೆಯಂಥ ತುಣುಕುಗಳನ್ನೇ ತೆಗೆಯುವುದು ಕೋರ್ ಬಯಾಪ್ಸಿ, ಇದನ್ನು ಟ್ರೂಕಟ್ ಎಂದೂ ಗನ್ ಬಯಾಪ್ಸಿ ಎಂದೂ ಕರೆಯುತ್ತಾರೆ. ಇನ್ನೂ ದಪ್ಪ ಸೂಜಿಯನ್ನು ಯಂತ್ರಕ್ಕೆ ಜೋಡಿಸಿ, ಹೀರಿ ಹೆಚ್ಚು ತೆಗೆಯುವುದು ವ್ಯಾಕ್ಯೂಮ್ ಬಯಾಪ್ಸಿ. ಕೊನೆಯದು ಆಪರೇಷನ್ ಥಿಯೇಟರಿನಲ್ಲಿ ಗಂಟನ್ನೇ ಕೊಯ್ದು ತೆಗೆಯುವುದು. ಇವುಗಳಲ್ಲಿ ಮೊದಲನೆಯದು ಅಗ್ಗ, ಕೊನೆಯ ಎರಡು ದುಬಾರಿ. ಗಂಟು ಕೈಗೆ ಸಿಗುವಂತಿದ್ದರೆ ಅಥವಾ ಸ್ಕ್ಯಾನಿನಲ್ಲಿ ಕಾಣುವಂತಿದ್ದರೆ ಬಹುಪಾಲು ಹೆಂಗಸರಿಗೆ ಬೇಕಾಗುವುದು ಎರಡನೆಯದು. ನನಗೆ ಫೋನಿನಲ್ಲಿ ನಲವತ್ತು ಸಾವಿರ ಎಂದು ಹೇಳಿದ್ದು ಮೂರನೆಯದರದ್ದೋ ನಾಲ್ಕನೆಯದರದ್ದೋ ಇರಬೇಕು. ಅದನ್ನು ಬಿಡಿಸಿ ಹೇಳಲು ಆ ಕಡೆಯವರಿಗೆ ಅರ್ಧ ನಿಮಿಷ ಸಾಕಿತ್ತು.

ಕೊನೆಗೆ ಇವರಿಗೆ ಹೇಳಿದೆ. ಮರುದಿನವೇ ಮೂಲಕ್ಕಡೈ ದಾಟಿ, ಮೆಟ್ರೋ ಕೆಲಸದ ತಗಡಿನ ಬೇಲಿಗಳ ನಡುವೆ ಆಟೊದಲ್ಲಿ ಕೂತು, ಒಬ್ಬ ಸರ್ಜನ್ ಬಳಿ ಹೋದೆವು. ಅವರು ಎರಡೂ ಕಡೆ, ಕಂಕುಳು, ಕೊರಳ ಬುಡ ಎಲ್ಲ ಮುಟ್ಟಿ ನೋಡಿ ಚಿತ್ರಗಳಿಗೆ ಬರೆದುಕೊಟ್ಟರು. ಮೊದಲು ಕೈ, ಆಮೇಲೆ ಚಿತ್ರ, ಕೊನೆಗೆ ಸೂಜಿ. ಈ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಂಬುವುದು ಎಂದರು. ಆ ಮಾತು ಮನಸ್ಸಿನಲ್ಲಿ ನಿಂತಿದೆ.

ಮ್ಯಾಮೊಗ್ರಾಮ್ ರಿಪೋರ್ಟಿನ ಕೊನೆಯ ಸಾಲಿನಲ್ಲಿ ಬೈರಾಡ್ಸ್ 4ಎ ಎಂದಿತ್ತು. ಆ ನಾಲ್ಕನ್ನು ನೋಡಿದವರೇ ಇವರು ಹೋಟೆಲಿನ ಹಿಂದಿನ ಗೋಡೆಗೆ ಒರಗಿ ಕೂತುಬಿಟ್ಟರು. ನಾಲ್ಕನೇ ಸ್ಟೇಜ್ ಎಂದುಕೊಂಡಿದ್ದರು. ಅಡುಗೆ ಭಟ್ಟರು ನೀರು ತಂದುಕೊಟ್ಟರು. ಇಂಥ ಚೀಟಿ ಮನೆಗೆ ಬಂದವರೆಲ್ಲ ಇದನ್ನು ದಯವಿಟ್ಟು ತಿಳಿದುಕೊಂಡಿರಿ: ಬೈರಾಡ್ಸ್ ಎನ್ನುವುದು ಚಿತ್ರ ನೋಡಿದವರ ಅನುಮಾನದ ಅಳತೆ. 0ಯಿಂದ 6ರವರೆಗೆ ಹೋಗುತ್ತದೆ. 3 ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4 ಎಂದರೆ ಸೂಜಿ ಹಾಕಿ ನೋಡಬೇಕು. 4ಎ ಬಂದವರಲ್ಲಿ ಕ್ಯಾನ್ಸರ್ ಸಿಗುವುದು ನೂರಕ್ಕೆ ಎರಡರಿಂದ ಹತ್ತು ಜನರಿಗೆ. 5 ಬಂದರೆ ಅನುಮಾನ ಬಹಳ ಗಟ್ಟಿ. ಕಾಯಿಲೆಯ ಸ್ಟೇಜಿಗೂ ಈ ಅಂಕೆಗೂ ಸಂಬಂಧವೇ ಇಲ್ಲ. ಆ ಚೀಟಿ ಕೈಗಿಡುವಾಗ ಯಾರಾದರೂ ಒಂದು ಮಾತು ಹೇಳಿದ್ದರೆ ನಮ್ಮ ಮನೆಯಲ್ಲಿ ಆ ರಾತ್ರಿ ಎಲ್ಲರೂ ಊಟ ಮಾಡಿರುತ್ತಿದ್ದರು.

ಬಯಾಪ್ಸಿ ಎಂದೊಡನೆ ಮನೆಯಲ್ಲಿ ಎರಡು ದನಿ. ಊರಿನಿಂದ ತಂಗಿ ಫೋನಿನಲ್ಲಿ ಅತ್ತಳು: "ಅಕ್ಕ, ಅದನ್ ಕುತ್ತೂಕ್ ಬಿಡ್ಬೇಡ, ಕುತ್ತಿರೆ ಹರಡತ್ತ್ ಅಂಬ್ರ್." ಅತ್ತೆಯವರೂ ಅದನ್ನೇ ಬೇರೆ ಥರ ಹೇಳಿದರು. ತಮಿಳಿನಲ್ಲಿ ಕ್ಯಾನ್ಸರಿಗೆ ಪುಟ್ರುನೋಯ್ ಎನ್ನುತ್ತಾರೆ. ಪುಟ್ರು ಎಂದರೆ ನಮ್ಮ ಹುತ್ತವೇ. ಅರವತ್ತು ವರ್ಷ ಮದ್ರಾಸಿನಲ್ಲಿ ಬಾಳಿದ ಅತ್ತೆಗೆ ಎರಡು ಭಾಷೆಯೂ ಮನೆಯ ಭಾಷೆ. ಹುತ್ತಕ್ಕೆ ಕೋಲು ಹಾಕಬಾರದು ಮಗಾ, ಎಂದರು. ನಾಗಬನದಲ್ಲಿ ತಂಬಿಲ ಕೊಡುವ ಕಡೆಯವರು ನಾವು, ಆ ಮಾತಿನ ಭಾರ ನನಗೆ ಗೊತ್ತು. ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ಡಾಕ್ಟರನ್ನು ಕೇಳಿದೆ.

ಅವರ ಉತ್ತರ ಇದು. ಸೂಜಿ ಹೋದ ದಾರಿಯಲ್ಲಿ ಒಂದೆರಡು ಜೀವಕೋಶ ಸರಿದಿರಬಹುದು, ಆದರೆ ಅವು ಅಲ್ಲಿ ಬೇರೂರುವುದು ತೀರಾ ಅಪರೂಪ. ಮುಂದೆ ಆಪರೇಷನ್ ಆದರೆ ಆ ಜಾಗವನ್ನೂ ತೆಗೆಯುತ್ತಾರೆ, ಇಲ್ಲವೇ ರೇಡಿಯೇಷನ್ ಕೊಡುತ್ತಾರೆ. ಸೂಜಿ ಹಾಕಿಸಿಕೊಂಡದ್ದಕ್ಕೆ ಆಯಸ್ಸು ಕಡಿಮೆಯಾಗುವುದಿಲ್ಲ. ಸೂಜಿಗೆ ಹೆದರಿ ಕೂತರೆ ಆಗಬಹುದು. ಇದನ್ನೇ ತಂಗಿಗೂ ಅತ್ತೆಗೂ ಹೇಳಿದೆ. ತಂಗಿ ನಂಬಿದಳು. ಅತ್ತೆ ದೇವರಿಗೆ ದೀಪ ಹಚ್ಚಿಟ್ಟು ಸುಮ್ಮನಾದರು.

ಬಯಾಪ್ಸಿಯ ದಿನವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏನು ಮಾಡುತ್ತಾರೆಂದು ಯಾರಾದರೂ ಹೀಗೆ ಮೊದಲೇ ಹೇಳಿದ್ದರೆ ಹಿಂದಿನ ರಾತ್ರಿ ನಾನು ಮಲಗುತ್ತಿದ್ದೆ.

ತಿಂಡಿ ತಿಂದೇ ಹೋಗಬಹುದು. ಮೇಲೊಂದು ಕೆಳಗೊಂದು ಎಂದು ಎರಡು ಭಾಗದ ಉಡುಪಿದ್ದರೆ ಸುಲಭ, ಸೊಂಟದ ಮೇಲಿನದ್ದನ್ನು ಮಾತ್ರ ತೆಗೆದರಾಯಿತು. ಜೊತೆಗೊಬ್ಬರು ಇರಲಿ. ರಕ್ತ ತೆಳುವಾಗುವ ಮಾತ್ರೆ, ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು. ಹೃದಯದ ಡಾಕ್ಟರನ್ನು ಕೇಳದೆ ತಾವಾಗಿಯೇ ನಿಲ್ಲಿಸಬಾರದು.

ನನ್ನನ್ನು ಸ್ಕ್ಯಾನಿಂಗ್ ಕೋಣೆಯಲ್ಲಿ ಮಲಗಿಸಿ, ಎಡಗೈಯನ್ನು ತಲೆಯ ಮೇಲಕ್ಕೆ ಇಡಿಸಿದರು. ಬೆನ್ನ ಕೆಳಗೆ ಒಂದು ದಿಂಬು. ರೇಡಿಯಾಲಜಿಸ್ಟ್ ಹೆಂಗಸು, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿದ್ದಾಳು. ತಣ್ಣನೆಯ ಜೆಲ್ ಹಚ್ಚಿ ಗಂಟನ್ನು ಪರದೆಯ ಮೇಲೆ ಹುಡುಕಿದಳು. ಬೂದು ಬಣ್ಣದ ನಡುವೆ ಒಂದು ಕಪ್ಪು ಕಲೆ, ಅಂಚು ಸ್ವಲ್ಪ ಹರಿದ ಹಾಗೆ. ಚುಚ್ಚುವ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಳು, ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅಂಥದ್ದೇ. ಅವತ್ತು ನಿಜವಾಗಿ ನೋವಾದದ್ದು ಅದೊಂದೇ. ಹತ್ತು ಎಣಿಸುವಷ್ಟು ಹೊತ್ತು ಉರಿಯಿತು. ಆಮೇಲೆ ಚರ್ಮದಲ್ಲಿ ಅಕ್ಕಿಕಾಳಿನಷ್ಟು ಸೀಳು. ಅದಕ್ಕೆ ಹೊಲಿಗೆ ಬೇಕಾಗುವುದಿಲ್ಲ.

ಸೂಜಿ ಒಳಗೆ ಹಾಕುವ ಮೊದಲು ಅವಳು ಗನ್ನನ್ನು ನನ್ನ ಕಿವಿಯ ಹತ್ತಿರ ಹಿಡಿದು ಗಾಳಿಯಲ್ಲೇ ಒಮ್ಮೆ ಒತ್ತಿದಳು. ಟಪ್ ಎಂದಿತು. ಅಂಗಡಿಯಲ್ಲಿ ಬಿಲ್ಲುಗಳಿಗೆ ಪಿನ್ನು ಹೊಡೆಯುವ ಸದ್ದು. "ಅಮ್ಮಾ, ಈ ಸದ್ದು ಬಂದಾಗ ಅಲುಗಬೇಡಿ, ಅಷ್ಟೇ" ಎಂದಳು. ದಿನಕ್ಕೆ ನೂರು ಸಲ ಆ ಸದ್ದು ಕೇಳುವವಳು ನಾನು. ಮೈ ಸಡಿಲವಾಯಿತು. ನಾಲ್ಕು ಸಲ ಟಪ್ ಎಂದಿತು. ಪ್ರತಿ ಸಲವೂ ಒಳಗೆ ಯಾರೋ ದೂಡಿದ ಹಾಗೆ ಆಯಿತೇ ಹೊರತು ನೋವಾಗಲಿಲ್ಲ.

ತೆಗೆದದ್ದನ್ನು ತೋರಿಸುತ್ತೀರಾ ಎಂದು ಕೇಳಿದೆ. ಸಣ್ಣ ಬಾಟಲಿ ಎತ್ತಿ ಹಿಡಿದಳು. ಫಾರ್ಮಲಿನ್ ದ್ರವದಲ್ಲಿ ಮುರಿದ ಶ್ಯಾವಿಗೆಯಂಥ ನಾಲ್ಕು ಬಿಳಿ ಎಳೆಗಳು, ಒಂದೊಂದೂ ಬೆರಳಿನ ಒಂದು ಗೆಣ್ಣಿಗಿಂತ ಚಿಕ್ಕದು. ನಾಲ್ಕೂ ತಳಕ್ಕೆ ಇಳಿದಿದ್ದವು. ಬರೀ ಕೊಬ್ಬು ಬಂದಿದ್ದರೆ ತೇಲುತ್ತದೆ, ಗಂಟಿನದ್ದೇ ಬಂದರೆ ಮುಳುಗುತ್ತದೆ, ಎಂದಳು. ಬಾಟಲಿಯ ಮೇಲಿನ ಚೀಟಿಯಲ್ಲಿ ನನ್ನ ಹೆಸರು, ಎಡಗಡೆ ಎಂಬುದು, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಎರಡು ಗಂಟೆಯ ಜಾಗ ಎಂದು ಬರೆದಿತ್ತು. ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು, ಹೇಳಿದೆ, ತಿದ್ದಿದಳು. ನೀವೂ ಆ ಚೀಟಿ ಓದಿ. ನಿಮ್ಮ ಹೆಸರು, ಎಡವೋ ಬಲವೋ ಎಂಬುದನ್ನು ನಿಮ್ಮ ಕಣ್ಣಿನಲ್ಲೇ ನೋಡಿ ಏಳಿ.

ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದರು, ಮೇಲೊಂದು ಪಟ್ಟಿ, ಐಸು. ಇಪ್ಪತ್ತೈದು ನಿಮಿಷದಲ್ಲಿ ಎಲ್ಲ ಮುಗಿದು ನಡೆದುಕೊಂಡೇ ಹೊರಬಂದೆ. ಎರಡು ದಿನ ಭಾರ ಎತ್ತಬಾರದು ಎಂದಿದ್ದರು, ಹಿಟ್ಟಿನ ಪಾತ್ರೆ ಮುಟ್ಟಲಿಲ್ಲ. ಪ್ಯಾರಾಸಿಟಮಾಲ್ ಎರಡು ಸಲ ನುಂಗಿದೆ. ಆ ಜಾಗ ಹತ್ತು ದಿನ ನೇರಳೆ ಬಣ್ಣಕ್ಕೆ ತಿರುಗಿ, ಹಳದಿಯಾಗಿ, ಮಾಯವಾಯಿತು. ಜ್ವರ ಬಂದರೆ, ಊತ ಏರುತ್ತಾ ಹೋದರೆ, ರಕ್ತ ನಿಲ್ಲದಿದ್ದರೆ ಮಾತ್ರ ಓಡಿಹೋಗಬೇಕು.

ಸೂಜಿ ಹಾಕಿದವರ ಬಗ್ಗೆ ನನಗೆ ಒಂದೂ ಕೆಟ್ಟ ಮಾತಿಲ್ಲ. ನನ್ನ ತಕರಾರು ಕೌಂಟರಿನದ್ದು. ಬಯಾಪ್ಸಿಗೆ 5,500 ಎಂದು ಹೇಳಿ ಕಟ್ಟಿಸಿಕೊಂಡಿದ್ದರು. ಬಟ್ಟೆ ಬದಲಿಸಿ ಗೌನು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಾಗ ಒಬ್ಬ ಹುಡುಗ ಬಂದು, ಸೂಜಿಗೆ 1,600 ಬೇರೆ ಕಟ್ಟಬೇಕು ಎಂದ. ಹೊರಗೆ ಬಂದ ಮೇಲೆ ಲ್ಯಾಬಿನದ್ದು 2,000 ಬೇರೆ ಎಂದರು. ಮೊದಲು ಹೇಳಿದ ದರಕ್ಕಿಂತ 3,600 ಹೆಚ್ಚು. ನಮ್ಮ ಹೋಟೆಲಿಗೆ ಬಂದವರಿಗೆ ದೋಸೆಗೆ ಅರವತ್ತು ಎಂದು ಹೇಳಿ, ತಿಂದ ಮೇಲೆ ಚಟ್ನಿಗೂ ಎಲೆಗೂ ಬೇರೆ ಕೊಡಿ ಎಂದರೆ ಅವರು ಮತ್ತೆ ನಮ್ಮ ಮೆಟ್ಟಿಲು ಹತ್ತುತ್ತಾರೆಯೇ? ಗೌನು ಹಾಕಿಕೊಂಡು ಕೂತ ಹೆಂಗಸಿಗೆ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ. ಅದು ಅವರಿಗೂ ಗೊತ್ತಿರುತ್ತದೆ. ಇದು ತಪ್ಪು.

ರಿಪೋರ್ಟಿಗೆ ಆರು ದಿನ ಬೇಕಾಯಿತು. ಏಕೆ ಅಷ್ಟು ದಿನ ಎಂದು ಆಗ ಸಿಟ್ಟು ಬಂದಿತ್ತು, ಈಗ ಇಲ್ಲ. ತುಣುಕು ಮೊದಲು ಫಾರ್ಮಲಿನ್‌ನಲ್ಲಿ ಗಂಟೆಗಟ್ಟಲೆ ನೆನೆಯಬೇಕು. ಅದರೊಳಗಿನ ನೀರು ತೆಗೆದು, ಮೇಣದಲ್ಲಿ ಅದ್ದಿ, ಸಣ್ಣ ಇಟ್ಟಿಗೆಯಂತೆ ಗಟ್ಟಿ ಮಾಡುತ್ತಾರೆ. ಅದನ್ನೇ ಬ್ಲಾಕ್ ಎನ್ನುವುದು. ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳ್ಳಗೆ, ಮೂರು ನಾಲ್ಕು ಮೈಕ್ರಾನಿನ ಹಾಳೆಗಳಾಗಿ ಅದನ್ನು ಕೊಯ್ದು, ಗಾಜಿನ ಮೇಲಿಟ್ಟು, ನೀಲಿ ಗುಲಾಬಿ ಬಣ್ಣ ಹಚ್ಚಿದ ಮೇಲೆ ಪೆಥಾಲಜಿಸ್ಟ್ ನೋಡುವುದು. ಕ್ಯಾನ್ಸರ್ ಎಂದು ಕಂಡರೆ ಅದೇ ಬ್ಲಾಕಿನಿಂದ ಇಆರ್, ಪಿಆರ್, ಹರ್2 ಎಂಬ ಮೂರು ಪರೀಕ್ಷೆ ಮಾಡುತ್ತಾರೆ. ಯಾವ ಮಾತ್ರೆ, ಯಾವ ಇಂಜೆಕ್ಷನ್ ಕೆಲಸ ಮಾಡುತ್ತದೆ ಎನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ. ಹರ್2 ಎರಡು ಪ್ಲಸ್ ಎಂದು ನಡುವೆ ನಿಂತರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ. ಇವೆಲ್ಲಕ್ಕೂ ಬೇರೆ ಬೇರೆ ಹಣ, ಇದನ್ನೂ ಯಾರೂ ಮೊದಲೇ ಹೇಳುವುದಿಲ್ಲ.

ಅಗ್ಗದ ಸೂಜಿಯ ವಿಷಯ ಇಲ್ಲಿಗೇ ಬರುತ್ತದೆ. ಹಣ ಕಡಿಮೆ ಎಂದು ಎಫ್‌ಎನ್‌ಎಸಿ ಮಾಡಿಸಿಕೊಂಡು ಬರುವವರು ಬಹಳ. ಗಂಟು ನೀರು ತುಂಬಿದ ಗುಳ್ಳೆಯಾಗಿದ್ದರೆ, ಕಂಕುಳದ ಗ್ರಂಥಿ ನೋಡಬೇಕಾಗಿದ್ದರೆ ಅದು ಸಾಕು. ಗಟ್ಟಿ ಗಂಟಿಗೆ ಅದು ಬಹಳ ಸಲ ಸಾಲುವುದಿಲ್ಲ. ಬಿಡಿ ಕೋಶಗಳನ್ನು ನೋಡಿ ಕಾಯಿಲೆ ಸುತ್ತಲಿನ ಅಂಗಾಂಶಕ್ಕೆ ನುಗ್ಗಿದೆಯೇ ಎಂದು ಹೇಳಲಾಗುವುದಿಲ್ಲ. ಮತ್ತೆ ಕೋರ್ ಬಯಾಪ್ಸಿಗೆ ಕಳಿಸುತ್ತಾರೆ, ಎರಡು ಸಲ ಚುಚ್ಚು, ಎರಡು ಸಲ ಹಣ, ಎರಡು ವಾರ ಕಾಯುವುದು. ಎಫ್‌ಎನ್‌ಎಸಿ ಬರೆದುಕೊಟ್ಟರೆ, ಇದೇ ಸಾಕಾಗುತ್ತದೆಯೇ, ಕೋರ್ ಬೇಕಾಗಬಹುದೇ ಎಂದು ಅಲ್ಲೇ ಕೇಳಬೇಕು.

ನನ್ನ ರಿಪೋರ್ಟು ಬಂತು. ಸ್ಕ್ಲೆರೋಸಿಂಗ್ ಅಡಿನೋಸಿಸ್, ಕ್ಯಾನ್ಸರ್ ಇಲ್ಲ. ಗ್ರಂಥಿಗಳು ಬೆಳೆದು ಗಟ್ಟಿಯಾಗಿ ಚಿತ್ರದಲ್ಲಿ ಕ್ಯಾನ್ಸರಿನ ಹಾಗೇ ಕಾಣುವ ಒಂದು ನಿರುಪದ್ರವಿ ಬದಲಾವಣೆಯಂತೆ. ಸರ್ಜನ್ ಮತ್ತೊಮ್ಮೆ ಚಿತ್ರಗಳನ್ನೂ ರಿಪೋರ್ಟನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಹೊಂದುತ್ತದೆ, ಆರು ತಿಂಗಳಿಗೆ ಬನ್ನಿ ಎಂದರು. ಹೊಂದದಿದ್ದರೆ ಮತ್ತೆ ಬಯಾಪ್ಸಿ ಮಾಡಬೇಕಿತ್ತು. ಅತ್ತೆಯವರ ದೀಪಕ್ಕೆ ಎಣ್ಣೆ ಹಾಕಿ, ಅವತ್ತು ಹೋಟೆಲಿನಲ್ಲಿ ಎಲ್ಲರಿಗೂ ಕೇಸರಿಬಾತ್ ಹಾಕಿಸಿದೆ.

ಎಲ್ಲರಿಗೂ ಹೀಗಾಗುವುದಿಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಹೂ ಕಟ್ಟಿ ಮಾರುವ ಹೆಂಗಸೊಬ್ಬಳಿದ್ದಾಳೆ. ದೇವರ ಪಟಕ್ಕೆ ದಿನವೂ ಮಲ್ಲಿಗೆ ಕೊಡುವವಳು. ಎರಡು ವರ್ಷದ ಹಿಂದೆ ಅವಳಿಗೂ ಒಂದು ಗಂಟು, ತಮಿಳಿನಲ್ಲಿ ಕಟ್ಟಿ ಎನ್ನುತ್ತಾರೆ. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೊಬ್ಬಿನ ಗಡ್ಡೆ, ತೆಗೆದುಬಿಡೋಣ ಎಂದರು. 18,000 ರೂಪಾಯಿ, ಬಡ್ಡಿಗೆ ತಂದದ್ದು. ಮೊದಲು ಸೂಜಿ ಹಾಕಿ ನೋಡಲಿಲ್ಲ, ತೆಗೆದ ಗಡ್ಡೆಯನ್ನು ಲ್ಯಾಬಿಗೂ ಕಳಿಸಲಿಲ್ಲ. ಹದಿನಾಲ್ಕು ತಿಂಗಳಿಗೆ ಅದೇ ಗಾಯದ ಪಕ್ಕದಲ್ಲಿ ಮತ್ತೆ ಗಟ್ಟಿ. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ, ಹಳೆಯ ಬ್ಲಾಕ್ ಎಲ್ಲಿ ಎಂದು. ಬ್ಲಾಕ್ ಎಂದರೇನೆಂದು ಅವಳು ನನ್ನನ್ನು ಕೇಳಿದಳು. "ಅಕ್ಕಾ, ಅವಂಗ ಎನ್ನ ಕೇಕ್ಕರಾಂಗ?" ಅವರು ಏನು ಕೇಳುತ್ತಿದ್ದಾರೆ, ಎಂದಳು. ನನಗೆ ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಈಗ ಅವಳ ಚಿಕಿತ್ಸೆ ನಡೆಯುತ್ತಿದೆ. ಹೂ ಕಟ್ಟುವುದನ್ನು ಬಿಟ್ಟಿಲ್ಲ.

ಕೊಯ್ಯುವ ಮೊದಲು ಸೂಜಿ. ತೆಗೆದದ್ದು ಏನೇ ಇರಲಿ, ಎಷ್ಟೇ ಸಣ್ಣದಿರಲಿ, ಲ್ಯಾಬಿಗೆ ಹೋಗಬೇಕು. ರಿಪೋರ್ಟು, ಗಾಜಿನ ಸ್ಲೈಡು, ಬ್ಲಾಕು ಎಲ್ಲಿವೆ ಎಂದು ನಿಮಗೆ ಗೊತ್ತಿರಬೇಕು, ಬೇಕಾದಾಗ ಕೇಳಿ ತೆಗೆದುಕೊಳ್ಳಬೇಕು.

ಇನ್ನು ವಿಮೆ. ನಮ್ಮದು ಐದು ಲಕ್ಷದ ಕುಟುಂಬ ಪಾಲಿಸಿ, ಹನ್ನೊಂದು ವರ್ಷದಿಂದ ಒಂದು ಕಂತೂ ತಪ್ಪಿಲ್ಲ. ಬಿಲ್ಲುಗಳನ್ನೆಲ್ಲ ಅಂಟಿಸಿ ಕಳಿಸಿದೆ. ತಪಾಸಣೆಗೆ ಹಣ ಬರುವುದಿಲ್ಲ ಎಂದು ಉತ್ತರ ಬಂತು. ಆಸ್ಪತ್ರೆಯಲ್ಲಿ ಮಲಗಿಯೇ ಮಾಡಿಸಿಕೊಂಡಿದ್ದರೆ ಎಂದು ಕೇಳಿದೆ. ಆಗಲೂ ಇಲ್ಲವಂತೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯ ಹೊರಗಿಡುವ ಪಟ್ಟಿ ಮಾಡಿಕೊಟ್ಟಿತು. ಅದರ ನಾಲ್ಕನೆಯದು ಇದೇ: ಮುಖ್ಯವಾಗಿ ತಪಾಸಣೆಗೆಂದೇ ದಾಖಲಾದರೆ ಆ ಖರ್ಚು ಸಿಗುವುದಿಲ್ಲ. ಆದರೆ ಕ್ಯಾನ್ಸರ್ ಎಂದು ಬಂದು, ಪಾಲಿಸಿ ಹೇಳಿದ ದಿನಗಳೊಳಗೆ ಆಪರೇಷನ್ನಿಗೆ ದಾಖಲಾಗಿದ್ದರೆ, ದಾಖಲಾಗುವ ಮುಂಚಿನ ಖರ್ಚು ಎಂಬ ಲೆಕ್ಕದಲ್ಲಿ ಇದೇ ಬಿಲ್ಲು ಮಂಜೂರಾಗುತ್ತಿತ್ತು. ಅಂದರೆ ಗಂಟು ಕೆಟ್ಟದ್ದಾದರೆ ಹಣ ಬರುತ್ತದೆ, ಒಳ್ಳೆಯದಾದರೆ ಬರುವುದಿಲ್ಲ. ಸೂಜಿ ಹಾಕುವ ಹೊತ್ತಿಗೆ ಅದು ಯಾವುದೆಂದು ಯಾರಿಗೆ ಗೊತ್ತಿರುತ್ತದೆ? ಗೊತ್ತಿಲ್ಲವೆಂದೇ ಅಲ್ಲವೇ ಸೂಜಿ ಹಾಕಿದ್ದು?

ಸರಕಾರದ ಯೋಜನೆಗಳಲ್ಲೂ ಈ ತೂತು ಇದೆ. ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ಅದರ ಕೇಂದ್ರದ ನಿಯಮದಂತೆ ದಾಖಲಾಗುವ ಮೊದಲಿನ ಮೂರು ದಿನದ ತಪಾಸಣೆ ಅದರೊಳಗೆ ಸೇರುತ್ತದೆ. ಬಯಾಪ್ಸಿ ರಿಪೋರ್ಟು ಬರಲು ಆರು ದಿನ ಬೇಕಾದ ನನ್ನಂಥವರ ಲೆಕ್ಕ ಮೂರು ದಿನದಲ್ಲಿ ಹೇಗೆ ಹೊಂದುತ್ತದೆ? ತಮಿಳುನಾಡಿನ ಮುಖ್ಯಮಂತ್ರಿ ವಿಮಾ ಯೋಜನೆಯಲ್ಲಿ ಕೆಲವು ತಪಾಸಣೆಗಳೂ ಸೇರಿವೆ, ಆದರೆ ವರ್ಷದ ಆದಾಯ 1,20,000 ರೂಪಾಯಿ ಮೀರಿರಬಾರದು. ಹೂ ಮಾರುವವಳಿಗೆ ಅದು ಸಿಕ್ಕಿತು, ಒಳ್ಳೆಯದಾಯಿತು. ಸಣ್ಣ ಹೋಟೆಲು, ಕಿರಾಣಿ ಅಂಗಡಿ, ಹೊಲಿಗೆ ಯಂತ್ರ ಇಟ್ಟುಕೊಂಡ ನಡುವಿನವರು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಚೆನ್ನೈಗೆ ಇನ್ನೊಂದು ಪರಂಪರೆಯೂ ಇದೆ. ತಂಗಿಯನ್ನು ಕ್ಯಾನ್ಸರಿಗೆ ಕಳಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹಟ ಹಿಡಿದು 1954ರಲ್ಲಿ ಅಡಯಾರಿನಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ತೆರೆದಾಗ ಅಲ್ಲಿದ್ದದ್ದು ಹನ್ನೆರಡು ಹಾಸಿಗೆ. ಮರುವರ್ಷ ಸೇರಿದ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ದುಡಿದರು. ಹಣವಿಲ್ಲ ಎಂಬ ಕಾರಣಕ್ಕೆ ಯಾರನ್ನೂ ವಾಪಸು ಕಳಿಸಬಾರದು ಎಂಬ ನೆಲೆಯ ಮೇಲೆ ಕಟ್ಟಿದ ಆಸ್ಪತ್ರೆ ಅದು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುವ ರಾಷ್ಟ್ರೀಯ ಕಾರ್ಯಕ್ರಮ ಎಂಬತ್ತರ ದಶಕದ ಆರಂಭದಲ್ಲಿ ಮೊದಲು ಶುರುವಾದ ಊರುಗಳಲ್ಲಿ ಮುಂಬೈಯ ಜೊತೆ ಈ ಎರಡೂ ಊರುಗಳಿದ್ದವು. ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 1,92,000 ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಂತು, 98,000ಕ್ಕೂ ಹೆಚ್ಚು ಮಂದಿ ತೀರಿಕೊಂಡರು ಎಂದು ಜಾಗತಿಕ ಅಂದಾಜು ಹೇಳುತ್ತದೆ. ಮುಂಬೈಯ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿ 2021ರಲ್ಲಿ ಒಂದು ಮಾತು ತೋರಿಸಿಕೊಟ್ಟರು: ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರೂ, ಐವತ್ತು ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ನೂರಕ್ಕೆ ಮೂವತ್ತರಷ್ಟು ತಗ್ಗುತ್ತದೆ. ಗಂಟು ಕಂಡುಹಿಡಿಯಲು ಕೈ ಸಾಕು. ಕಂಡುಹಿಡಿದ ಮೇಲೆ ಹೆಂಗಸು ಸೂಜಿಯವರೆಗೆ ತಲುಪಬೇಕು. ನಾನು ಮೂರು ತಿಂಗಳು ನಿಂತದ್ದು ಆ ನಡುವಿನ ದಾರಿಯಲ್ಲಿ.

ದರ ತೋರಿಸಿ ಎಂದು ಕೇಳುವುದು ಹೊಸ ಬೇಡಿಕೆಯೇನಲ್ಲ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ದರಪಟ್ಟಿಯನ್ನು ಜನರಿಗೆ ತಿಳಿಸಲೇಬೇಕು ಎನ್ನುತ್ತದೆ. ಇದೇ ವಿಷಯದ ಕೇಂದ್ರದ ಕಾಯ್ದೆಯ 2012ರ ನಿಯಮಗಳು ಅದು ಸ್ಥಳೀಯ ಭಾಷೆಯಲ್ಲೂ ಇರಬೇಕು ಎನ್ನುತ್ತವೆ. ನಾನು ಹೋದ ಕಡೆಯ ಗೋಡೆಯಲ್ಲಿ ಮಾಸ್ಟರ್ ಚೆಕಪ್‌ನ ರಿಯಾಯಿತಿ ದರ ದೊಡ್ಡದಾಗಿ ಹಾಕಿತ್ತು, ಬಯಾಪ್ಸಿಯ ಸಾಲೇ ಇರಲಿಲ್ಲ.

ತಮಿಳುನಾಡು, ಕರ್ನಾಟಕ ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳನ್ನು ಕೇಳಿಕೊಳ್ಳುತ್ತೇನೆ. ಸ್ಕ್ಯಾನು, ಕೋರ್ ಬಯಾಪ್ಸಿ, ಸೂಜಿ, ಲ್ಯಾಬು ಎಲ್ಲ ಸೇರಿ ಒಂದೇ ದರ, ಕೌಂಟರಿನ ಮುಂದೆ, ಜನರ ಭಾಷೆಯಲ್ಲಿ ಬರೆಸಿ. ಫೋನಿನಲ್ಲಿ ಕೇಳಿದರೆ ಆ ದರ ಹೇಳಲೇಬೇಕು ಎಂದು ಆದೇಶ ಮಾಡಿ. ವಿಮಾ ಪ್ರಾಧಿಕಾರದವರು ಡಾಕ್ಟರು ಬರೆದುಕೊಟ್ಟ ಸ್ತನ ಬಯಾಪ್ಸಿಯನ್ನು ಆ ಹೊರಗಿಡುವ ಪಟ್ಟಿಯಿಂದ ಬಿಡಿಸಿ, ರಿಪೋರ್ಟು ಏನೇ ಬರಲಿ ಹಣ ಕೊಡುವಂತೆ ಮಾಡಬೇಕು. ಆಯುಷ್ಮಾನ್‌ನಲ್ಲಿ ಈ ಒಂದು ತಪಾಸಣೆಗಾದರೂ ಮೂರು ದಿನವನ್ನು ಮೂವತ್ತು ಮಾಡಲಿ.

ಓದುತ್ತಿರುವ ಅಕ್ಕತಂಗಿಯರಿಗೆ: ಫೋನು ಮಾಡಿದಾಗ ಬಯಾಪ್ಸಿಗೆ ಎಷ್ಟು ಎಂದು ಕೇಳಬೇಡಿ. ಸ್ಕ್ಯಾನ್ ನೋಡಿಕೊಂಡು ಮಾಡುವ ಕೋರ್ ಬಯಾಪ್ಸಿಗೆ, ಸೂಜಿಯೂ ಲ್ಯಾಬಿನ ರಿಪೋರ್ಟೂ ಸೇರಿ ಒಟ್ಟು ಎಷ್ಟು ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ, ಹೇಳಿದವರ ಹೆಸರನ್ನೂ ಕೇಳಿ. ಹಾಗೆ ಕೇಳಿದ ಮೇಲೆ ನನಗೆ ಐದು ಕಡೆಯಲ್ಲಿ ನಾಲ್ಕು ಕಡೆ ನೇರ ಉತ್ತರ ಸಿಕ್ಕಿತು. ಆ ನಾಲ್ಕು ದರಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಬರೆದು ಗಲ್ಲಾದ ಪಕ್ಕ ಅಂಟಿಸಿದ್ದೇನೆ. ಕಾಫಿ ಕುಡಿಯಲು ಬಂದ ಹನ್ನೊಂದು ಹೆಂಗಸರು ಇದುವರೆಗೆ ಅದರ ಫೋಟೊ ತೆಗೆದುಕೊಂಡು ಹೋಗಿದ್ದಾರೆ.